‘ಅಬಿಗೇಲ್’ ನೋಡಿ ಅವರು ನಕ್ಕರು, ಇವರು ಎದ್ದು ಹೋದರು: ಯಾರ ಮಾತು ನಂಬೋಣ?

ಪ್ರಶ್ನೆ: ಸರ್, ಮೊನ್ನೆ ನಾನೂ ನನ್ನ ಹೆಂಡತಿಯೂ ಮನೆಯಲ್ಲಿ ‘ಅಬಿಗೇಲ್’ ಇಂಗ್ಲಿಷ್ ಸಿನಿಮಾ ನೋಡಲು ಕೂತೆವು. ಆಫೀಸಿನ ಗೆಳೆಯರು ‘ನಕ್ಕೂ ನಕ್ಕೂ ಸುಸ್ತಾಯ್ತು’ ಅಂದಿದ್ದರು. ನನಗೆ ಹಿಡಿಸಿತು. ಅವಳು ಮೊದಮೊದಲು ಚೆನ್ನಾಗಿಯೇ ನಕ್ಕಳು, ಆಮೇಲೆ ‘ಇದೇನು ಸಿನಿಮಾನೋ ಕಸಾಯಿಖಾನೆಯೋ’ ಅಂತ ಎದ್ದು ಹೋದಳು. ನೋಡಿದವರ ಅಭಿಪ್ರಾಯ ಓದಿದರೆ ಒಬ್ಬರು ಹತ್ತಕ್ಕೆ ಒಂಬತ್ತು ಕೊಡುತ್ತಾರೆ, ಇನ್ನೊಬ್ಬರು ಎರಡು. ಇಂಥ ಚಿತ್ರಗಳ ವಿಷಯದಲ್ಲಿ ಯಾರ ಮಾತು ನಂಬಬೇಕು? ಇನ್ನೊಂದು ವಿಷಯ, ಪೋಸ್ಟರಿನಲ್ಲಿ ಬ್ಯಾಲೆ ಹುಡುಗಿಯನ್ನು ನೋಡಿ ನಮ್ಮ 13 ವರ್ಷದ ಮಗಳು ತನಗೂ ತೋರಿಸು ಅಂತ ಹಟ ಹಿಡಿದಿದ್ದಾಳೆ. ತೋರಿಸಬಹುದೇ?

ಉತ್ತರ: ನಿಮ್ಮ ಮನೆಯವರು ಎದ್ದು ಹೋದದ್ದರಲ್ಲಿ ತಪ್ಪಿಲ್ಲ, ಗೆಳೆಯರು ಸುಸ್ತಾಗುವಷ್ಟು ನಕ್ಕಿದ್ದರಲ್ಲಿ ಸುಳ್ಳಿಲ್ಲ. ‘ಮೊದಮೊದಲು ನಕ್ಕಳು, ಆಮೇಲೆ ಎದ್ದಳು’ ಅಂತ ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಆ ಚಿತ್ರದಲ್ಲಿ ನಗಿಸುವ ಕೆಲಸ ಎರಡು ಕಡೆ ನಡೆಯುತ್ತದೆ. ಒಂದು ಮಾತಿನಲ್ಲಿ, ಇನ್ನೊಂದು ಮೈಯಲ್ಲಿ. ಎರಡೂ ಒಗ್ಗುವವರಿಗೆ ಹಬ್ಬ. ಮೊದಲನೆಯದು ಮಾತ್ರ ಒಗ್ಗುವವರು ಅರ್ಧಕ್ಕೆ ಏಳುತ್ತಾರೆ. ಅಂಕ ಕೊಡುವವರು ಈ ಎರಡನ್ನೂ ಕಲಸಿ ಒಂದೇ ಸಂಖ್ಯೆ ಬರೆಯುತ್ತಾರೆ, ಓದುವವರಿಗೆ ಗೊಂದಲವಾಗುತ್ತದೆ.

ಚಿತ್ರ ನೋಡದ ಓದುಗರಿಗಾಗಿ ಕತೆ ಇಷ್ಟು. ಆರು ಜನ ಕಸುಬುದಾರ ಅಪರಾಧಿಗಳು, ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ. ದೊಡ್ಡ ಕುಳವೊಬ್ಬನ 12 ವರ್ಷದ ಮಗಳನ್ನು, ಬ್ಯಾಲೆ ನರ್ತಕಿಯನ್ನು, ಅಪಹರಿಸಿ ಒಂದು ಹಳೇ ಬಂಗಲೆಯಲ್ಲಿ ಕೂಡಿಹಾಕುತ್ತಾರೆ. ಒಂದು ದಿನ ಕಾವಲು ಕಾದರೆ ಐದು ಕೋಟಿ ಡಾಲರ್ ಒತ್ತೆಹಣದಲ್ಲಿ ಪಾಲು. ಮಗು ಯಾರ ಮಗಳು ಅನ್ನುವುದು ಆಮೇಲೆ ತಿಳಿಯುತ್ತದೆ, ಮಗು ಏನು ಅನ್ನುವುದು ಇನ್ನೂ ತಡವಾಗಿ. ಅಷ್ಟರಲ್ಲಿ ಬಾಗಿಲುಗಳು ಹೊರಗಿನಿಂದ ಭದ್ರವಾಗಿರುತ್ತವೆ. 2024ರ ಏಪ್ರಿಲ್‌ನಲ್ಲಿ ತೆರೆ ಕಂಡಿತು. ನಿರ್ದೇಶಕರು ಇಬ್ಬರು, ಮ್ಯಾಟ್ ಬೆಟಿನೆಲ್ಲಿ-ಓಲ್ಪಿನ್ ಮತ್ತು ಟೈಲರ್ ಗಿಲೆಟ್. 2019ರಲ್ಲಿ ‘ರೆಡಿ ಆರ್ ನಾಟ್’ ಮಾಡಿದ ಜೋಡಿಯೇ ಇದು. ಅದನ್ನು ನೋಡಿದವರಿಗೆ ಇವರ ಕೈಗೆ ಕೆಂಪು ಬಣ್ಣ ಸಿಕ್ಕರೆ ಏನಾಗುತ್ತದೆ ಅಂತ ಗೊತ್ತು. ಅಬಿಗೇಲ್ ಆಗಿರುವ ಹುಡುಗಿ ಐರ್ಲೆಂಡಿನ ಅಲಿಷಾ ವಿಯರ್, ಅದಕ್ಕೆ ಮುಂಚೆ ಮಕ್ಕಳ ಸಂಗೀತಚಿತ್ರ ‘ಮಟಿಲ್ಡಾ’ದಲ್ಲಿ ಮಟಿಲ್ಡಾ ಆಗಿದ್ದವಳು.

ಈಗ ಮಾತಿನ ನಗುವಿಗೆ ಒಂದು ಉದಾಹರಣೆ. ತಾವು ಕೂಡಿಹಾಕಿದ ಮಗುವೇ ರಕ್ತಪಿಶಾಚಿ ಅಂತ ಖಾತ್ರಿಯಾದ ಮೇಲೆ ಈ ಘಟಾನುಘಟಿಗಳು ಕೂತು ಚರ್ಚೆ ಮಾಡುತ್ತಾರೆ: ಪಿಶಾಚಿಗೆ ಯಾವುದು ಆಗಿಬರುವುದಿಲ್ಲ? ಎಲ್ಲರಿಗೂ ಗೊತ್ತಿರುವುದು ಸಿನಿಮಾದಲ್ಲಿ, ಪುಸ್ತಕದಲ್ಲಿ ಕಂಡದ್ದು ಮಾತ್ರ. ಶಿಲುಬೆ, ಮರದ ಗೂಟ, ಬೆಳ್ಳುಳ್ಳಿ. ಸರಿ, ಬೆಳ್ಳುಳ್ಳಿ ಹುಡುಕಿಕೊಂಡು ಬಾ ಅಂತ ಸ್ಯಾಮಿ ಅನ್ನುವ ಹುಡುಗಿಯನ್ನು ಅಡುಗೆಮನೆಗೆ ಅಟ್ಟುತ್ತಾರೆ. ಅವಳು ಕಂಪ್ಯೂಟರ್ ಕನ್ನ ಹಾಕುವುದರಲ್ಲಿ ನಿಸ್ಸೀಮೆ, ಮನೆ ತುಂಬಿದ ಸಿರಿವಂತರ ಮಗಳು. ಹೋದವಳು ಜಂಬದಿಂದ ತರುವುದು ಈರುಳ್ಳಿ. ಆ ಕ್ಷಣದಲ್ಲಿ ಫ್ರಾಂಕ್ ಪಾತ್ರದ ಡ್ಯಾನ್ ಸ್ಟೀವನ್ಸ್ ಮುಖ ನೋಡಬೇಕು. ಸಾವು ಬಾಗಿಲಲ್ಲಿ ನಿಂತಿದೆ, ಇಲ್ಲಿ ಬೆಳ್ಳುಳ್ಳಿ-ಈರುಳ್ಳಿ ಪಂಚಾಯಿತಿ. ಇದು ಪಾತ್ರದಿಂದ ಹುಟ್ಟುವ ನಗು. ಅಡುಗೆಮನೆ ಕಂಡೇ ಇಲ್ಲದವಳ ಬದುಕೆಲ್ಲ ಆ ಒಂದು ಚೀಲದಲ್ಲಿದೆ. ನಿಮ್ಮ ಮನೆಯವರು ಇಲ್ಲಿ ನಕ್ಕಿರುತ್ತಾರೆ ಅಂತ ನನ್ನ ಅಂದಾಜು. ನಮ್ಮ ಜನಕ್ಕೆ ಈ ನಗು ಹೊಸದಲ್ಲ.

ಇದೇ ಸ್ಯಾಮಿ ಮುಂದೆ ನೆಲಮಾಳಿಗೆಯ ಕೊಳಕ್ಕೆ ಬೀಳುತ್ತಾಳೆ. ಕೊಳದಲ್ಲಿ ಇರುವುದು ನೀರಲ್ಲ, ಎಷ್ಟೋ ವರ್ಷಗಳಿಂದ ಕೊಳೆಯುತ್ತಿರುವ ಹೆಣಗಳು. ಅವಳು ಮುಳುಗಿ, ಎದ್ದು, ಉಗುಳಿ, ಮತ್ತೆ ಜಾರುತ್ತಾಳೆ. ಕ್ಯಾಮೆರಾ ಕರುಣೆ ತೋರಿಸಿ ಪಕ್ಕಕ್ಕೆ ತಿರುಗುವುದಿಲ್ಲ, ಬೇಕಾದ್ದಕ್ಕಿಂತ ನಾಲ್ಕು ಕ್ಷಣ ಹೆಚ್ಚೇ ನಿಲ್ಲುತ್ತದೆ. ಆ ಹೆಚ್ಚಿನ ನಾಲ್ಕು ಕ್ಷಣವೇ ಇಲ್ಲಿನ ಹಾಸ್ಯ. ಬಾಳೆಹಣ್ಣಿನ ಸಿಪ್ಪೆ ತುಳಿದು ಜಾರುವವನನ್ನು ನೋಡಿ ನಗುತ್ತೇವಲ್ಲ, ಅದೇ ಜಾತಿಯದು, ಆದರೆ ಸಿಪ್ಪೆಯ ಜಾಗದಲ್ಲಿ ಕರುಳಿದೆ. ಕೊನೆಕೊನೆಗೆ ಪಿಶಾಚಿಗಳಿಗೆ ಬಿಸಿಲು ತಾಗಿದಾಗ ಅವು ಹಳೇ ಚಿತ್ರಗಳಂತೆ ಬೂದಿಯಾಗುವುದಿಲ್ಲ, ಢಮಾರ್ ಅಂತ ಒಡೆದು ಗೋಡೆ, ಸೋಫಾ, ಪಕ್ಕದಲ್ಲಿ ನಿಂತವರ ಮುಖ ಎಲ್ಲವನ್ನೂ ತೋಯಿಸುತ್ತವೆ. ಒಬ್ಬ ವಯಸ್ಕ ಮನುಷ್ಯನ ಮೈಯಲ್ಲಿ ಇರುವುದು ಸುಮಾರು ಐದು ಲೀಟರ್ ರಕ್ತ. ಈ ಚಿತ್ರದಲ್ಲಿ ಅದು ಬಿಂದಿಗೆಗಟ್ಟಲೆ ಬರುತ್ತದೆ. ಲೆಕ್ಕ ತಪ್ಪಿದ ಆ ಕ್ಷಣದಲ್ಲಿ ಕೆಲವರ ತಲೆ ‘ಇದು ನಿಜವಲ್ಲ’ ಅಂತ ಸಡಿಲಾಗಿ ನಗು ಬರುತ್ತದೆ. ಕೆಲವರ ತಲೆಗಿಂತ ಹೊಟ್ಟೆ ಮುಂದೆ ಓಡಿ ತೊಳಸತೊಡಗುತ್ತದೆ. ಇದು ಅಭಿರುಚಿಗಿಂತ ಹೆಚ್ಚಾಗಿ ಮೈಯ ಸ್ವಭಾವ. ವಾದ ಮಾಡಿ ಬದಲಾಯಿಸಲು ಹೋಗಬೇಡಿ, ಮನೆಯಲ್ಲಿ ಜಗಳವಾದೀತು.

ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರೆನ್ ಅನ್ನುವ ಇಬ್ಬರು ಸಂಶೋಧಕರು 2010ರಲ್ಲಿ ನಗುವಿನ ಬಗ್ಗೆ ಒಂದು ಸಿದ್ಧಾಂತ ಮಂಡಿಸಿದ್ದರು. ಯಾವುದೋ ಒಂದು ಕಟ್ಟಳೆ ಮುರಿಯಬೇಕು, ಅದೇ ಹೊತ್ತಿಗೆ ಅದರಿಂದ ಅಪಾಯವಿಲ್ಲ ಅಂತಲೂ ಅನ್ನಿಸಬೇಕು, ಆಗ ನಗು ಬರುತ್ತದೆ ಅನ್ನುವುದು ಅದರ ಸಾರ. ಕಟ್ಟಳೆ ಮುರಿದದ್ದು ನಿಮಗೂ ನಿಮ್ಮ ಮನೆಯವರಿಗೂ ಕಂಡಿತು. ಅಪಾಯವಿಲ್ಲ ಅನ್ನುವುದು ನಿಮಗೆ ತಟ್ಟಿತು, ಅವರಿಗೆ ತಟ್ಟಲಿಲ್ಲ. ನಮ್ಮ ಅಲಂಕಾರಶಾಸ್ತ್ರದವರು ಇದನ್ನು ಇನ್ನೊಂದು ದಾರಿಯಿಂದ ಹಿಡಿದಿದ್ದರು. ನಾಟ್ಯಶಾಸ್ತ್ರದ ಭರತನ ಲೆಕ್ಕದಲ್ಲಿ ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ, ಹಾಸ್ಯ ಹುಟ್ಟುವುದು ಶೃಂಗಾರದಿಂದ. ಮುಂದೆ ಬಂದವರು ಹಾಸ್ಯಕ್ಕೂ ಭಯಾನಕಕ್ಕೂ ವಿರೋಧ ಅಂದರು, ಎರಡನ್ನೂ ಒಂದೇ ಕಡೆ ಇಟ್ಟರೆ ರಸಭಂಗ. ಈ ಬಗೆಯ ಚಿತ್ರಗಳು ಉದ್ದಕ್ಕೂ ಮಾಡುವುದು ಅದೇ ರಸಭಂಗವನ್ನು, ಬೇಕೆಂದೇ.

ನಮ್ಮ ಪ್ರೇಕ್ಷಕರಿಗೆ ಕಷ್ಟವಾಗುವುದೂ ಅಲ್ಲೇ. ನಮ್ಮ ಹಳೇ ಸಿನಿಮಾಗಳಲ್ಲಿ ಕಾಮಿಡಿ ಟ್ರ್ಯಾಕ್ ಅಂತ ಬೇರೆಯೇ ಇರುತ್ತಿತ್ತು. ದೆವ್ವ ಒಂದು ಕೋಣೆಯಲ್ಲಿ, ಹಾಸ್ಯನಟ ಇನ್ನೊಂದು ಕೋಣೆಯಲ್ಲಿ. ಯಕ್ಷಗಾನದಲ್ಲೂ ಬಣ್ಣದ ವೇಷದ ಅಬ್ಬರ ಮುಗಿದ ಮೇಲೆ ಹಾಸ್ಯಗಾರ ಬಂದು ಉಸಿರಾಡಲು ಬಿಡುತ್ತಾನೆ. ‘ಅಬಿಗೇಲ್’ನಲ್ಲಿ ಆ ಬಿಡುವಿಲ್ಲ. ಈಗಷ್ಟೇ ಜೋಕ್ ಹೊಡೆದವನೇ ಮರುಕ್ಷಣ ಸಾಯುತ್ತಾನೆ, ಸತ್ತ ರೀತಿಯೇ ಮುಂದಿನ ಜೋಕ್. ತಲೆಯಿಲ್ಲದ ಹೆಣದ ಕೈ ಹಿಡಿದು ಹುಡುಗಿ ಬ್ಯಾಲೆ ಕುಣಿಯುವ ದೃಶ್ಯ ನಿಮಗೆ ನೆನಪಿರಬೇಕು. ಅಲ್ಲಿ ನಗಬೇಕೋ ಹೆದರಬೇಕೋ ಅಂತ ಚಿತ್ರ ಹೇಳಿಕೊಡುವುದಿಲ್ಲ, ಹಿನ್ನೆಲೆ ಸಂಗೀತದಿಂದಲೂ ಸುಳಿವು ಕೊಡುವುದಿಲ್ಲ. ನನಗೆ ಇಡೀ ಚಿತ್ರದಲ್ಲಿ ಅತ್ಯಂತ ಇಷ್ಟವಾದದ್ದು ಆ ಕುಣಿತವೇ.

2025ರಲ್ಲಿ ಬಂದ ‘ಸು ಫ್ರಮ್ ಸೋ’ವನ್ನು ಮನೆಮಂದಿಯೆಲ್ಲ ಹೋಗಿ ನೋಡಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ಅದೂ ದೆವ್ವದ ಹೆಸರಿನಲ್ಲಿ ನಗಿಸಿದ ಚಿತ್ರವೇ. ಆದರೆ ಅಲ್ಲಿನ ನಗು ಊರಿನ ಜನರದ್ದು, ಅವರ ಸಣ್ಣತನ, ಗುಲ್ಲು, ಪುಕ್ಕಲುತನದ್ದು. ನೆತ್ತರಿಗೆ ಅಲ್ಲಿ ಕೆಲಸವೇ ಇಲ್ಲ. ಅದೇ ವರ್ಷ ದೀಪಾವಳಿಗೆ ಬಂದ ಹಿಂದಿಯ ‘ಥಾಮಾ’, ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಇದ್ದದ್ದು, ರಕ್ತಪಿಶಾಚಿಯನ್ನು ಬೇತಾಳನ ಜೊತೆ ಗಂಟುಹಾಕಿ ಪ್ರೇಮಕತೆ ಮಾಡಿತು. ಈ ಎರಡರಲ್ಲಿ ಯಾವುದನ್ನೋ ಮನಸ್ಸಿನಲ್ಲಿಟ್ಟುಕೊಂಡು ‘ಹಾರರ್ ಕಾಮಿಡಿ’ ಅನ್ನುವ ಹಣೆಪಟ್ಟಿ ನೋಡಿ ‘ಅಬಿಗೇಲ್’ಗೆ ಕೂತವರು ಹತ್ತಕ್ಕೆ ಎರಡು ಕೊಟ್ಟರೆ ಅವರನ್ನು ದೂರುವಂತಿಲ್ಲ. ಹಾಗೆಯೇ ಆ ಎರಡು ಅಂಕವನ್ನು ಚಿತ್ರದ ಮೇಲಿನ ತೀರ್ಪು ಅಂತಲೂ ತಿಳಿಯಬೇಕಾಗಿಲ್ಲ.

ಅಂಕಗಳ ವಿಷಯಕ್ಕೆ ಬರೋಣ. ವಿಮರ್ಶೆಗಳನ್ನು ಒಟ್ಟುಹಾಕುವ ಜಾಲತಾಣ ರಾಟನ್ ಟೊಮೆಟೋಸ್‌ನಲ್ಲಿ ಈ ಚಿತ್ರಕ್ಕೆ ವಿಮರ್ಶಕರಿಂದ ಶೇ. 80ಕ್ಕಿಂತ ಮೇಲೆ ಇದೆ, ನೋಡಿದವರೇ ಅಂಕ ಕೊಡುವ ಐಎಂಡಿಬಿಯಲ್ಲಿ ನೋಡಿದರೆ ಹತ್ತಕ್ಕೆ ಆರೂವರೆಯ ಆಸುಪಾಸು. ಒಂದು ಕಡೆ ಡಿಸ್ಟಿಂಕ್ಷನ್, ಇನ್ನೊಂದು ಕಡೆ ಬರೀ ಫಸ್ಟ್ ಕ್ಲಾಸ್ ಅಂತ ಕಾಣುತ್ತದೆ. ವಾಸ್ತವದಲ್ಲಿ ಎರಡೂ ಒಂದೇ ಮಾತು ಹೇಳುತ್ತಿವೆ. ಮೊದಲನೆಯದು ಸರಾಸರಿ ಅಲ್ಲ, ನೂರು ವಿಮರ್ಶಕರಲ್ಲಿ ಎಷ್ಟು ಮಂದಿ ‘ಪರವಾಗಿಲ್ಲ, ನೋಡಿ’ ಅಂದರು ಅನ್ನುವ ತಲೆ ಎಣಿಕೆ. ನೂರಕ್ಕೆ ನೂರು ಜನವೂ ಮನಸ್ಸಿಲ್ಲದ ಮನಸ್ಸಿನಿಂದ ಹತ್ತಕ್ಕೆ ಆರು ಕೊಟ್ಟರೆ ಅಲ್ಲಿ ಶೇ. 100 ಕಾಣಿಸುತ್ತದೆ.

ಅಮೆರಿಕದಲ್ಲಿ ಸಿನೆಮಾಸ್ಕೋರ್ ಅಂತ ಇನ್ನೊಂದಿದೆ. ಬಿಡುಗಡೆಯ ದಿನ ಥಿಯೇಟರಿನಿಂದ ಹೊರಬರುವವರ ಕೈಗೆ ಚೀಟಿ ಕೊಟ್ಟು ಗ್ರೇಡ್ ಕೇಳುತ್ತಾರೆ, ಎ ಪ್ಲಸ್‌ನಿಂದ ಎಫ್‌ವರೆಗೆ. ‘ಅಬಿಗೇಲ್’ಗೆ ಸಿಕ್ಕಿದ್ದು ಬಿ. ಬೇರೆ ಜಾತಿಯ ಚಿತ್ರಕ್ಕೆ ಬಿ ಬಂದರೆ ನಿರ್ಮಾಪಕರು ನಿದ್ದೆಗೆಡುತ್ತಾರೆ, ಹಾರರಿಗೆ ಬಿ ಬಂದರೆ ಮರ್ಯಾದೆಯ ಗ್ರೇಡೇ. ಹಾರರ್ ನೋಡಲು ಹೋದವರು ಕಂಗಾಲಾಗಿ ಹೊರಬಂದಾಗ ಕಡಿಮೆ ಕೊಡುವುದು ಈ ಲೆಕ್ಕದಲ್ಲಿ ಮಾಮೂಲು. ವಿಮರ್ಶಕರು ತಲೆಯ ಮೇಲೆ ಹೊತ್ತು ಕುಣಿದ ‘ಹೆರೆಡಿಟರಿ’ಗೆ 2018ರಲ್ಲಿ ಸಿಕ್ಕಿದ್ದು ಡಿ ಪ್ಲಸ್. 2025ರ ‘ಸಿನ್ನರ್ಸ್’ ರಕ್ತಪಿಶಾಚಿಗಳ ಚಿತ್ರವಾಗಿಯೂ ಎ ಗಿಟ್ಟಿಸಿದ್ದು ದೊಡ್ಡ ಸುದ್ದಿಯಾದದ್ದು ಅದಕ್ಕೇ. ಗಲ್ಲಾಪೆಟ್ಟಿಗೆಯಲ್ಲಿ ‘ಅಬಿಗೇಲ್’ 2.8 ಕೋಟಿ ಡಾಲರ್ ಬಜೆಟ್‌ಗೆ ಜಗತ್ತಿನಾದ್ಯಂತ 4 ಕೋಟಿ ಡಾಲರ್ ಚಿಲ್ಲರೆ ತಂದಿತು. ಥಿಯೇಟರಿನವರ ಪಾಲು, ಪ್ರಚಾರದ ಖರ್ಚು ಕಳೆದರೆ ಹೇಳಿಕೊಳ್ಳುವಂಥದ್ದಲ್ಲ. ನೋಡಿದವರಿಗೆ ಮೆಚ್ಚುಗೆಯಾಗಿಯೂ ನೋಡಲು ಹೋದವರೇ ಕಡಿಮೆ.

ಹೋಗದಿರಲು ಟ್ರೇಲರ್ ಒಂದು ಕಾರಣ ಅನ್ನುವವರ ಪಕ್ಷ ನನ್ನದು. ಚಿತ್ರ ಸುಮಾರು ಅರ್ಧದವರೆಗೆ ಅಪಹರಣದ ಕತೆಯಾಗಿಯೇ ನಡೆಯುತ್ತದೆ. ಕೊಲೆಯಾದರೆ ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ, ಯಾವನೋ ಬಾಡಿಗೆ ಕೊಲೆಗಾರ ಒಳಗೆ ನುಸುಳಿದ್ದಾನೆ ಅಂದುಕೊಳ್ಳುತ್ತಾರೆ. ಮಗುವಿನ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ಅದು ಬಿಚ್ಚಿಕೊಳ್ಳುವ ಗಳಿಗೆಗಾಗಿ ಇಡೀ ಮೊದಲರ್ಧ ಕಟ್ಟಿದ್ದಾರೆ. ಆ ಗುಟ್ಟನ್ನು ಟ್ರೇಲರೇ ಬಿಚ್ಚಿ, ಕೋರೆಹಲ್ಲು ತೋರಿಸಿ, ಪೋಸ್ಟರಿಗೂ ಹಾಕಿತು. ಹೀಗಾಗಿ ಒಂದೇ ಚಿತ್ರವನ್ನು ಇಬ್ಬರು ಬೇರೆ ಬೇರೆ ಪ್ರೇಕ್ಷಕರು ನೋಡಿದಂತಾಯಿತು. ಏನೂ ತಿಳಿಯದೆ ಕೂತವನಿಗೆ ನಡುವಿನಲ್ಲಿ ನೆಲ ಕುಸಿಯುತ್ತದೆ. ಎಲ್ಲ ತಿಳಿದು ಕೂತವನು ‘ಫಸ್ಟ್ ಹಾಫ್ ಲ್ಯಾಗ್’ ಅಂತ ಬರೆಯುತ್ತಾನೆ. ಅವನು ಪಾಪ ಕಾಯುತ್ತಾ ಕೂತಿದ್ದ. 1996ರ ‘ಫ್ರಮ್ ಡಸ್ಕ್ ಟಿಲ್ ಡಾನ್’ ಕೂಡ ಇದೇ ಅಚ್ಚಿನದು, ಮೊದಲರ್ಧ ದರೋಡೆಕೋರರ ಕತೆ, ನಂತರ ಒಂದು ಬಾರ್, ಬಾರಿನ ತುಂಬ ಪಿಶಾಚಿಗಳು. (ಅಲ್ಲಿ ಹಲವು ಪಿಶಾಚಿಗಳ ರಕ್ತ ಹಸಿರು. ಕೆಂಪು ಕಡಿಮೆಯಾದರೆ ರೇಟಿಂಗ್ ಮಂಡಳಿಯವರೂ ಸ್ವಲ್ಪ ಮೆತ್ತಗಾಗುತ್ತಾರೆ ಅನ್ನುವ ಲೆಕ್ಕಾಚಾರ ಅದು. ಬಣ್ಣ ಬದಲಾದರೆ ಹೇಸಿಗೆಯೂ ಕಡಿಮೆಯಾಗುತ್ತದೆ, ನಿಮ್ಮ ಮನೆಯವರ ಮೇಲೆ ಪ್ರಯೋಗಿಸಿ ನೋಡಬಹುದು.)

ಜನರ ದೂರುಗಳಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು? ‘ಹೆದರಿಕೆಯೇ ಆಗಲಿಲ್ಲ’ ಅನ್ನುವುದನ್ನು ಪಕ್ಕಕ್ಕಿಡಿ. ಹೆದರಿಸುವುದು ಇದರ ಮುಖ್ಯ ಉದ್ದೇಶವೇ ಅಲ್ಲ, ಜುಗುಪ್ಸೆ ಹುಟ್ಟಿಸಿ ನಗಿಸುವುದು ಉದ್ದೇಶ. ‘ಪಾತ್ರಗಳೆಲ್ಲ ಪೆದ್ದು, ಲಾಜಿಕ್ ಇಲ್ಲ’ ಅನ್ನುವುದೂ ಅಷ್ಟೇ. ಗಂಭೀರ ಹಾರರಿನಲ್ಲಿ ಪೆದ್ದುತನ ದೋಷ, ಇಲ್ಲಿ ಗಾಡಿ ಓಡುವುದೇ ಪೆದ್ದುತನದ ಮೇಲೆ. ಆ ಗ್ಯಾಂಗಿಗೆ ಇಟ್ಟಿರುವ ಹೆಸರುಗಳನ್ನೇ ನೋಡಿ: ಫ್ರಾಂಕ್, ಡೀನ್, ಸ್ಯಾಮಿ, ಪೀಟರ್, ಜೋಯಿ. ಫ್ರಾಂಕ್ ಸಿನಾತ್ರಾನ ಪಟಾಲಂ ಅಂತ ಅಮೆರಿಕದಲ್ಲಿ ಹೆಸರಾಗಿದ್ದ ಕಲಾವಿದರ ಗುಂಪಿನ ಹೆಸರುಗಳವು. ಆರನೆಯವನಿಗಿಟ್ಟ ರಿಕಲ್ಸ್ ಅನ್ನುವುದು ಅದೇ ಕಾಲದ ಹಾಸ್ಯಗಾರ ಡಾನ್ ರಿಕಲ್ಸ್‌ನದು. ಹೆಸರಿಡುವಾಗಲೇ ಇವರನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ ಅಂತ ಹೇಳಿಯಾಗಿದೆ.

ಆದರೆ ‘ಕ್ಲೈಮ್ಯಾಕ್ಸ್ ಎಳೆದಿದ್ದಾರೆ’ ಅನ್ನುವ ಮಾತು ಚಿತ್ರವನ್ನು ಮೆಚ್ಚಿದವರ ಬಾಯಲ್ಲೂ ಬರುತ್ತದೆ, ಮೆಚ್ಚದವರ ಬಾಯಲ್ಲೂ ಬರುತ್ತದೆ. ಅಂಥ ದೂರಿಗೆ ಕಿವಿ ಕೊಡಬೇಕು. 109 ನಿಮಿಷದ ಚಿತ್ರ ಇದು, 95ಕ್ಕೆ ಮುಗಿಸಬಹುದಿತ್ತು. ಕೊನೆಯ ಭಾಗದಲ್ಲಿ ಯಾರು ಯಾರನ್ನು ಕಚ್ಚಿದರೆ ಯಾರು ಯಾರ ಮಾತು ಕೇಳುತ್ತಾರೆ ಅನ್ನುವ ನಿಯಮಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ನಗುವಿಗೆ ನಿಯಮ ಸ್ಪಷ್ಟವಿರಬೇಕು, ಮುರಿದಾಗ ತಿಳಿಯಬೇಕಲ್ಲ. ನಿಯಮವೇ ಮಸುಕಾದ ಮೇಲೆ ಉಳಿಯುವುದು ಹೊಡೆದಾಟ ಮಾತ್ರ, ಅದೂ ಸಾಕಷ್ಟು ಒದ್ದೆಯಾದದ್ದು. ಅಮ್ಮನಿಂದ ದೂರವಾದ ಮಗ, ಅಪ್ಪನಿಗೆ ಬೇಡವಾದ ಮಗಳು ಅನ್ನುವ ಭಾವುಕ ಎಳೆಯೊಂದಿದೆ. ಹಲವರು ಅದನ್ನು ಹೊಗಳಿದ್ದಾರೆ. ನನಗೆ ಅದು ಜೋಡಿಸಿದ್ದು ಅನ್ನಿಸಿತು, ಜೋಯಿ ಪಾತ್ರದ ಮೆಲಿಸ್ಸಾ ಬರೇರಾಳ ನಟನೆಯಿಂದ ಒಂದಿಷ್ಟು ನಿಂತಿತು ಅಷ್ಟೇ.

ಒಂದು ಅಭಿಪ್ರಾಯ ನಿಮಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅಂತ ಅಳೆಯಲು ನಾನು ಅನುಸರಿಸುವ ದಾರಿ ಸರಳ. ಬರೆದವರು ಯಾವ ದೃಶ್ಯಕ್ಕೆ ನಕ್ಕೆ ಅಂತ ಹೇಳಿದ್ದಾರಾ ನೋಡುತ್ತೇನೆ. ಈರುಳ್ಳಿಯ ಹೆಸರೆತ್ತಿದರೆ ಅವರು ಮಾತಿನ ನಗುವಿನವರು. ಒಡೆದು ಚೂರಾಗುವುದರ ಹೆಸರೆತ್ತಿದರೆ ಮೈಯ ನಗುವಿನವರು. ‘ಪೈಸಾ ವಸೂಲ್’, ‘ಟೈಮ್ ವೇಸ್ಟ್’ ಅಂತ ಬರೆದು ದೃಶ್ಯದ ಹೆಸರೇ ಎತ್ತದವರ ಮಾತು ನಿಮಗೆ ದಾರಿ ತೋರಿಸುವುದಿಲ್ಲ, ಅದು ಒಂಬತ್ತಾದರೂ ಅಷ್ಟೇ, ಎರಡಾದರೂ ಅಷ್ಟೇ. ಮುಂದೆ ಇಂಥ ಚಿತ್ರ ಆರಿಸುವಾಗ ನಿಮಗೆ ಬೇಕಾದದ್ದು ಎರಡೂ ಬಗೆಯವರ ಮಾತು, ನಿಮ್ಮ ಮನೆಯವರ ಜೊತೆ ನೋಡುವುದಾದರೆ ಮೊದಲನೆಯವರ ಮಾತು ಮಾತ್ರ.

ಇನ್ನೊಂದನ್ನೂ ಗಮನಿಸಿ, ನೋಡಿದ್ದು ಎಲ್ಲಿ ಅನ್ನುವುದು. ನಿಮ್ಮ ಗೆಳೆಯರು ಗುಂಪಾಗಿ ನೋಡಿರಬಹುದು. ಇನ್ನೂರು ಜನರ ನಡುವೆ ಒಬ್ಬ ಕಿರುಚಿ, ಆಮೇಲೆ ತನ್ನ ಕಿರುಚಾಟಕ್ಕೆ ತಾನೇ ನಕ್ಕರೆ, ಸುತ್ತಲಿನವರಿಗೆಲ್ಲ ನಗಲು ಅಪ್ಪಣೆ ಸಿಕ್ಕಂತೆ. ಹೇಸಿಗೆಯ ಮೇಲೆ ನಗು ಹತ್ತುವುದು ಹಾಗೆ. ರಾತ್ರಿ ಹತ್ತಕ್ಕೆ, ಊಟವಾದ ಮೇಲೆ, ಮನೆಯ ನಡುಕೋಣೆಯಲ್ಲಿ ಇಬ್ಬರೇ ಕೂತು ನೋಡಿದರೆ ಹೆಣದ ಕೊಳ ಬರೀ ಹೆಣದ ಕೊಳ. ಥಿಯೇಟರಿನಲ್ಲಿ ನೋಡಿದವರ ಮಾತೂ ಮೊಬೈಲಿನಲ್ಲಿ ನೋಡಿದವರ ಮಾತೂ ಇಷ್ಟು ದೂರ ನಿಲ್ಲಲು ಇದೂ ಕಾರಣ.

ಇನ್ನು ಮಗಳ ವಿಷಯ. ಬೇಡ. ಅಲಿಷಾ ವಿಯರ್‌ಗೆ ಚಿತ್ರೀಕರಣದ ಹೊತ್ತಿಗೆ ನಿಮ್ಮ ಮಗಳ ವಯಸ್ಸೇ, ಪೋಸ್ಟರಿನಲ್ಲಿ ತನ್ನ ವಾರಗೆಯವಳನ್ನು ಕಂಡು ಅವಳು ಕೇಳುವುದು ಸಹಜ. ಆದರೆ ಅಮೆರಿಕದಲ್ಲಿ ಇದಕ್ಕೆ ಕೊಟ್ಟಿರುವುದು ಆರ್ ರೇಟಿಂಗ್, 17ರೊಳಗಿನವರು ದೊಡ್ಡವರ ಜೊತೆಯಲ್ಲದೆ ನೋಡುವಂತಿಲ್ಲ. ರಕ್ತ ಒಂದೇ ಅಲ್ಲ, ರುಂಡ ಬೇರೆಯಾಗುವುದಿದೆ, ಮಾದಕವಸ್ತುವಿನ ಚಟದ ಪ್ರಸ್ತಾಪವಿದೆ, ಬೈಗುಳ ಮಾತುಮಾತಿಗೂ ಇದೆ, ಹುಡುಗಿಯ ಬಾಯಲ್ಲೂ ಇದೆ. ‘ನೀನು ಚಿಕ್ಕವಳು’ ಅಂದು ಬಾಯಿ ಮುಚ್ಚಿಸಿದರೆ ಗೆಳತಿಯ ಮೊಬೈಲಿನಲ್ಲಿ ನೋಡುತ್ತಾಳೆ. ಅದರ ಬದಲು ಮನೆಯಲ್ಲಿ ಎಲ್ಲರೂ ಕೂತು 1931ರ ‘ಡ್ರಾಕುಲಾ’ ಹಾಕಿ, ಬೇಲಾ ಲುಗೋಸಿ ಡ್ರಾಕುಲಾ ಆಗಿರುವುದು. ಒಂದೂಕಾಲು ಗಂಟೆಯ ಕಪ್ಪು-ಬಿಳುಪು ಚಿತ್ರ. ಅದನ್ನು ಮಾಡಿದ ಯೂನಿವರ್ಸಲ್ ಕಂಪನಿಯೇ 1936ರಲ್ಲಿ ‘ಡ್ರಾಕುಲಾಸ್ ಡಾಟರ್’ ತೆಗೆಯಿತು. ‘ಅಬಿಗೇಲ್’ ಶುರುವಾದದ್ದು ಆ ಮಗಳ ಕತೆಗೆ ಹೊಸ ರೂಪ ಕೊಡುವ ಯೋಜನೆಯಾಗಿ. ಅಬಿಗೇಲ್ ಕುಣಿಯುವ ಚೈಕೋವ್‌ಸ್ಕಿಯ ‘ಸ್ವಾನ್ ಲೇಕ್’ ಸಂಗೀತವೇ 1931ರ ಚಿತ್ರದ ಟೈಟಲ್ ಕಾರ್ಡಿಗೂ ಇದೆ, ಬ್ಯಾಲೆ ಇಷ್ಟಪಡುವ ಹುಡುಗಿ ಕೂಡಲೇ ಹಿಡಿಯುತ್ತಾಳೆ. ಲುಗೋಸಿಗೆ ಕೋರೆಹಲ್ಲೇ ಇಲ್ಲ. ಕಚ್ಚುವುದೂ ಕಾಣಿಸುವುದಿಲ್ಲ. ರೆನ್‌ಫೀಲ್ಡ್ ಅನ್ನುವವನು ಪೇಪರ್ ಕ್ಲಿಪ್ಪಿನಿಂದ ಬೆರಳು ಚುಚ್ಚಿಕೊಂಡಾಗ ಬರುವ ಹನಿಯನ್ನು ಕೌಂಟ್ ಡ್ರಾಕುಲಾ ಮಹಾಶಯ ಹೇಗೆ ನೋಡುತ್ತಾನೆ ಅನ್ನುವುದಕ್ಕೆ ಅವಳು ನಗುತ್ತಾಳೋ ಹೆದರುತ್ತಾಳೋ ಬರೆದು ತಿಳಿಸಿ. ನಿಮ್ಮ ಮನೆಯವರೂ ಈ ಸಲ ಏಳುವುದಿಲ್ಲ.